ರಕ್ತ ತೆಗೆಯುವ ಕೈಗೊಂದು ಪರವಾನಗಿ

ನನಗೆ ಶುಗರ್ ಬಂದು ಹದಿನಾಲ್ಕು ವರ್ಷವಾಯಿತು. ಬಂಡ್ರಿಯಲ್ಲಿ ಇದನ್ನು ಹೇಳಿಕೊಳ್ಳಲು ಈಗ ಯಾರೂ ನಾಚುವುದಿಲ್ಲ. ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ ಕೂತವರಲ್ಲಿ ಇಬ್ಬರು ಮೂವರಾದರೂ "ನನಗ ಸಕ್ಕರಿ ಬ್ಯಾಡಪ್ಪೋ" ಎಂದು ಮೊದಲೇ ಕೂಗಿ ಹೇಳುತ್ತಾರೆ. ಮಾಸ್ತರಿಕೆಯಿಂದ ನಿವೃತ್ತನಾದ ನನಗೆ ತಿಂಗಳಿಗೊಮ್ಮೆ ರಕ್ತ ಕೊಡುವುದು ಪಿಂಚಣಿ ತರುವಷ್ಟೇ ರೂಢಿಯ ಕೆಲಸ. ಬರಿಹೊಟ್ಟೆಯಲ್ಲಿ ಒಂದು ಸಲ, ಉಂಡ ಎರಡು ತಾಸಿಗೆ ಇನ್ನೊಂದು ಸಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಲ್ಯಾಬು ಇತ್ತು. ಆರೂವರೆಗೆ ಹೋಗಿ ತೋಳು ಚಾಚಿದರೆ ಏಳಕ್ಕೆ ಮನೆಯಲ್ಲಿ ರೊಟ್ಟಿ. ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ ಬಂದರೆ ಹತ್ತು ಗಂಟೆಯೊಳಗೆ ಚೀಟಿ ಕೈಯಲ್ಲಿ. ಎರಡಕ್ಕೂ ಸೇರಿ 80 ರೂಪಾಯಿ. ಕೈಯಲ್ಲಿ ಇಲ್ಲದವರಿಗೆ "ಮುಂದಿನ ವಾರ ಕೊಡಬೇ ಯವ್ವ" ಎನ್ನುವ ಮಾತು.

ಆ ಲ್ಯಾಬು ಈಗ ಇಲ್ಲ. ಅದು ಹೇಗೆ ಇಲ್ಲವಾಯಿತು, ಅದಕ್ಕೆ ಯಾರು ಏನು ತೆತ್ತರು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಇದು ನನ್ನೊಬ್ಬನ ದೂರು ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ಲ್ಯಾಬು ನಡೆಸುತ್ತಿದ್ದವನನ್ನು ಊರು 'ಲ್ಯಾಬಿನ ಹುಡುಗ' ಎಂದೇ ಕರೆಯುತ್ತದೆ. ಹುಡುಗನಿಗೆ ನಲವತ್ತೈದು ದಾಟಿದೆ, ಮಗಳ ಮದುವೆ ಮಾಡಿದ್ದಾನೆ. ನನ್ನ ಕೈಯಲ್ಲೇ ಎಂಟನೆಯ ತರಗತಿ ಓದಿದವನು. ಕನ್ನಡದಲ್ಲಿ ಅಷ್ಟಕ್ಕಷ್ಟೆ, ಅಕ್ಷರ ಮಾತ್ರ ಮುತ್ತು. ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದಾಗ, ಹಳೆಯ ಮಲೇರಿಯಾ ಇಲಾಖೆಯಲ್ಲಿ ಮೈಕ್ರೋಸ್ಕೋಪು ನೋಡಿ ನೋಡಿ ಕಣ್ಣು ಕೆಡಿಸಿಕೊಂಡು ನಿವೃತ್ತರಾಗಿದ್ದ ಒಬ್ಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾಲ್ಕು ವರ್ಷ ಅವರ ಕೈಕೆಳಗೆ ಗಾಜಿನ ಪಟ್ಟಿ ತೊಳೆದ, ರಕ್ತ ಬಳಿದ, ಬಣ್ಣ ಹಾಕಿದ, ಎಣಿಸಿದ. ಅವರು ತೀರಿಕೊಂಡ ಮೇಲೆ ಆ ಮೈಕ್ರೋಸ್ಕೋಪನ್ನೇ ಅವರ ಮನೆಯವರಿಂದ ಕೊಂಡು 1999ರಲ್ಲಿ ಅಂಗಡಿ ಇಟ್ಟ. ಇಪ್ಪತ್ತಮೂರು ವರ್ಷ ನಡೆಸಿದ.

ಒಂದು ದಿನ ತಪಾಸಣೆಗೆ ಬಂದವರು ಎರಡು ಕಾಗದ ಕೇಳಿದರು. ಒಂದು, ಅವನು ಓದಿದ್ದಕ್ಕೆ ಸರ್ಟಿಫಿಕೇಟು. ಇನ್ನೊಂದು, ವರದಿಗೆ ಸಹಿ ಹಾಕುವ ಪೆಥಾಲಜಿಸ್ಟ್ ಡಾಕ್ಟರ ಹೆಸರು. ಎರಡೂ ಇರಲಿಲ್ಲ. ಬಂದವರು ಕೆಟ್ಟವರಲ್ಲ. "ನಮ್ಮ ಕೈಯಾಗ ಏನೂ ಇಲ್ಲರೀ, ಕಾನೂನು ಹಂಗೈತಿ" ಎಂದು ಚಹಾ ಕುಡಿದು ಹೋದರು. ಬಾಗಿಲು ಮುಚ್ಚಿತು.

ಕಾನೂನು ಹಾಗಿರುವುದು ನಿಜ. ನಾನು ಹಟಕ್ಕೆ ಬಿದ್ದು ಸಂಡೂರಿನ ವಕೀಲರೊಬ್ಬರ ಹತ್ತಿರ ಕೂತು ಓದಿಸಿಕೊಂಡೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಆಸ್ಪತ್ರೆಯಂತೆ ಲ್ಯಾಬೂ ನೋಂದಣಿ ಆಗಬೇಕು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಲ್ಯಾಬಿನ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ವೈದ್ಯರೇ ಸಹಿ ಹಾಕಬೇಕೆಂಬ ಮಾತನ್ನು ಎತ್ತಿ ಹಿಡಿಯಿತು. ಇವುಗಳ ಮೇಲೆ 2021ರ ಮಾರ್ಚಿನಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿತು. ಡಾಕ್ಟರೂ ಅಲ್ಲದ ನರ್ಸೂ ಅಲ್ಲದ, ಆದರೆ ಅವರ ಬೆನ್ನ ಹಿಂದೆ ನಿಂತು ಆಸ್ಪತ್ರೆಯನ್ನು ನಡೆಸುವ ಐವತ್ತಕ್ಕೂ ಹೆಚ್ಚು ಕಸುಬುಗಳಿಗೆ ಅದು ಹೆಸರು ಕೊಟ್ಟಿತು, ದಿಲ್ಲಿಯಲ್ಲಿ ಒಂದು ಆಯೋಗ, ರಾಜ್ಯಕ್ಕೊಂದು ಮಂಡಳಿ ಎಂದಿತು. ಇಂಥ ತಂತ್ರಜ್ಞ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷದ ಓದು, ಅದರಲ್ಲಿ ಕಡಿಮೆಯೆಂದರೆ 2000 ಗಂಟೆ.

ಈ 2000 ಗಂಟೆಯ ಮೇಲೆ ನನಗೆ ಲೆಕ್ಕದ ಮೇಷ್ಟರ ಕಣ್ಣು ಬಿತ್ತು. ದಿನಕ್ಕೆ ಎಂಟು ತಾಸು, ವರ್ಷಕ್ಕೆ ಮುನ್ನೂರು ದಿನ ಎಂದರೂ ಒಂದೇ ವರ್ಷಕ್ಕೆ 2400 ಆಯಿತು. ಇಪ್ಪತ್ತಮೂರು ವರ್ಷಕ್ಕೆ 55,200. ಗಂಟೆ ಎಣಿಸುವುದೇ ನ್ಯಾಯವಾದರೆ ನಮ್ಮ ಹುಡುಗ ಇಪ್ಪತ್ತೇಳು ಸಲ ಪಾಸಾಗಿದ್ದಾನೆ. ಆದರೆ ಕಾಯಿದೆ ಎಣಿಸುವುದು ಕಾಲೇಜಿನ ಬೆಂಚಿನ ಗಂಟೆಯನ್ನು.

ಆ ಬೆಂಚನ್ನೂ ನಾನು ನೋಡಿ ಬಂದಿದ್ದೇನೆ. ನನ್ನ ತಂಗಿಯ ಮಗಳನ್ನು ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೇರಿಸಲು ಒಂದು ದೊಡ್ಡ ಊರಿಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಒಂದರಲ್ಲಿ ಬೀಗ ಹಾಕಿದ ಗಾಜಿನ ಕಪಾಟು, ಕಪಾಟಿನಲ್ಲಿ ಪ್ಲಾಸ್ಟಿಕ್ ಕವರೂ ತೆಗೆಯದ ಎರಡು ಮೈಕ್ರೋಸ್ಕೋಪು. ಗುಮಾಸ್ತ ಬಹಳ ಪ್ರೀತಿಯಿಂದ ಮಾತಾಡಿದ. "ಹುಡುಗಿ ದಿನಾ ಬರಾಕ ಆಗಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ ಸಾರ್, ಫೀ ಮಾತ್ರ ಟೈಮಿಗೆ ಕಟ್ರಿ" ಎಂದ. ಎಲ್ಲ ಕಾಲೇಜೂ ಹೀಗೇ ಎಂದು ನಾನು ಹೇಳಲಾರೆ. ಬಳ್ಳಾರಿಯಲ್ಲಿ 1961ರಿಂದ ಸರಕಾರಿ ಮೆಡಿಕಲ್ ಕಾಲೇಜಿದೆ. ಹೆಸರು ಬದಲಾದರೂ ನಮ್ಮ ಬಾಯಲ್ಲಿ ಅದು ಈಗಲೂ ವಿಮ್ಸೇ. ಅಲ್ಲಿನ ವಾರ್ಡಿನಲ್ಲಿ ಒಂದು ತಿಂಗಳು ಸೂಜಿ ಹಿಡಿದ ಹುಡುಗರಿಗೆ ಕೈ ಪಳಗುತ್ತದೆ, ಒಪ್ಪುತ್ತೇನೆ. ಆದರೆ ಬಟ್ಟೆ ಅಂಗಡಿಯ ಮಹಡಿಯಿಂದ ಬಂದ ಕಾಗದಕ್ಕೂ ವಿಮ್ಸಿನ ವಾರ್ಡಿನಿಂದ ಬಂದ ಕಾಗದಕ್ಕೂ ತಪಾಸಣೆಯವರ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ತಂಗಿ ಎರಡೆಳೆ ಸರ ಅಡ ಇಟ್ಟು ಫೀ ಕಟ್ಟಿದಳು. ಪರವಾನಗಿಯ ಬೆಲೆಯ ಮೊದಲ ಕಂತು ಅದು.

ಎರಡನೆಯ ಕಂತು ನಮ್ಮದು, ರಕ್ತ ಕೊಡುವವರದು. ಲ್ಯಾಬು ಮುಚ್ಚಿದ ಮೇಲೆ ಕೆಲವು ತಿಂಗಳು ನಾನು ಯಶವಂತನಗರ ದಾಟಿ ಸಂಡೂರಿಗೆ ಹೋದೆ. ಬರಿಹೊಟ್ಟೆಯ ಪರೀಕ್ಷೆ ಎಂದರೆ ಏನೆಂದು ಬಸ್ಸು ಕಾಯ್ದವರಿಗೇ ಗೊತ್ತು. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿ ಸಂಡೂರು ಮುಟ್ಟುವಾಗ ಒಂಬತ್ತು, ಲ್ಯಾಬಿನ ಸಾಲಿನಲ್ಲಿ ಕೂತು ತೋಳು ಚಾಚುವಾಗ ಹತ್ತು. ಕೈಕಾಲು ನಡುಗಲು ಶುರುವಾದ ಮೇಲೆ ತೆಗೆದ ರಕ್ತವದು. ನಂತರ ಇಡ್ಲಿ ತಿಂದು ಎರಡು ತಾಸು ಬೀದಿ ಅಲೆದು ಮತ್ತೆ ತೋಳು. ಮನೆಗೆ ಬರುವಾಗ ಮಧ್ಯಾಹ್ನ ಮೂರು. ನನಗೇನು, ಪಿಂಚಣಿದಾರ. ನಮ್ಮ ಓಣಿಯ ಕೂಲಿ ಹೆಂಗಸೊಬ್ಬಳಿಗೂ ಶುಗರ್ ಇದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಪುಕ್ಕಟೆ. ಆದರೆ ದಿನ ಪುಕ್ಕಟೆಯಲ್ಲವಲ್ಲ! 2024–25ರಲ್ಲಿ ಉದ್ಯೋಗ ಖಾತ್ರಿಯ ಕೂಲಿಯೇ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಅಷ್ಟನ್ನು ಬಿಟ್ಟು, ಮೇಲೆ ಪರೀಕ್ಷೆಯ ದುಡ್ಡು ಕೊಟ್ಟು ಅವಳು ಹೋಗಬೇಕು. ಎರಡು ಸಲ ಹೋದಳು. ಆಮೇಲೆ ಬಿಟ್ಟಳು. "ಕಾಲು ಉರಿಯೋದು ಹೇಳ್ತದಲ್ರಿ ಸಾರ್, ಜಾಸ್ತಿ ಆಗೇತಿ ಅಂತ" ಎಂದು ನಗುತ್ತಾಳೆ. ಇದನ್ನು ಯಾವ ಸರಕಾರದ ಯಾವ ಕಡತದಲ್ಲಿ ಖರ್ಚೆಂದು ಬರೆಯುತ್ತಾರೆ?

ಮೂರನೆಯ ಕಂತು ಸ್ವಲ್ಪ ತಮಾಷೆಯದು. ಒಂದು ವರ್ಷದ ಮೇಲೆ ಅದೇ ಅಂಗಡಿಯ ಬಾಗಿಲು ತೆರೆಯಿತು. ಹೊಸ ಬಣ್ಣ, ಹೊಸ ಬೋರ್ಡು, ದೂರದ ನಗರದ ಒಂದು ಕಂಪನಿಯ ಹೆಸರು. ಒಳಗೆ ಕೂತವನು ಯಾರು? ನಮ್ಮ ಹುಡುಗನೇ! ಕೊರಳಲ್ಲಿ ಗುರುತಿನ ಚೀಟಿ, ಮೈಮೇಲೆ ಬಿಳಿ ಕೋಟು. ಈಗ ಅವನ ಕೆಲಸ ರಕ್ತ ತೆಗೆದು ನಳಿಕೆಗೆ ತುಂಬಿ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಬೈಕಿನ ಹುಡುಗನಿಗೆ ಕೊಡುವುದಷ್ಟೆ. ಪರೀಕ್ಷೆ ಮಾಡುವಂತಿಲ್ಲ, ಓದುವಂತಿಲ್ಲ. ಡಬ್ಬಿ ಸಂಡೂರು, ತೋರಣಗಲ್ಲು, ಕುಡತಿನಿ ದಾಟಿ ಬಳ್ಳಾರಿಗೆ ಹೋಗುತ್ತದೆ. ವರದಿ ಮರುದಿನ ಮೊಬೈಲಿಗೆ ಬರುತ್ತದೆ, ಬಣ್ಣಬಣ್ಣದ ಗೆರೆಗಳ ಸಮೇತ. 80 ರೂಪಾಯಿಯದು 240 ಆಯಿತು. ಅದೇ ಕೈ, ಅದೇ ಸೂಜಿ, ಅದೇ ನನ್ನ ತೋಳು. ಹೆಚ್ಚಿನ 160 ರೂಪಾಯಿ ಯಾವುದಕ್ಕೆ ಎಂದು ಕೇಳಿದರೆ ಅವನು ಬೋರ್ಡಿನ ಕಡೆ ನೋಡುತ್ತಾನೆ.

ರಕ್ತ ನಳಿಕೆಯಲ್ಲೂ ಸುಮ್ಮನಿರುವುದಿಲ್ಲ, ಅದರೊಳಗಿನ ಜೀವಕೋಶಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ; ಅದಕ್ಕೇ ಶುಗರಿನ ರಕ್ತವನ್ನು ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ನಳಿಕೆಗೆ ಹಾಕಬೇಕು, ತಡಮಾಡಬಾರದು, ಬಿಸಿಲಿಗೆ ಇಡಬಾರದು. ಇದನ್ನು ನನಗೆ ಹೇಳಿಕೊಟ್ಟವನು ಪಿಯುಸಿ ಫೇಲಾದ ಈ ಹುಡುಗನೇ.

ಇಷ್ಟೇ ಆಗಿದ್ದರೆ ನಾನು ಗೊಣಗಿ ಸುಮ್ಮನಾಗುತ್ತಿದ್ದೆ. ಹೋದ ಮಳೆಗಾಲ ಪಕ್ಕದ ಮನೆಯ ಮೊಮ್ಮಗನಿಗೆ ಜ್ವರ ಬಂತು. ಆರು ವರ್ಷದ ಕೂಸು. ಮೂರನೆಯ ದಿನ ಮೈಮೇಲೆ ಕೆಂಪು ಚುಕ್ಕೆ. ಡೆಂಗಿ ಇರಬಹುದು, ಪ್ಲೇಟ್‌ಲೆಟ್ ನೋಡಿಸಿ ಎಂದರು ಡಾಕ್ಟರು. ಮೊದಲಾಗಿದ್ದರೆ ಅರ್ಧ ತಾಸಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಎಣಿಸಿ ಹೇಳುತ್ತಿದ್ದ. ಆ ದಿನ ಬೈಕಿನ ಹುಡುಗ ಡಬ್ಬಿ ತಗೊಂಡು ಹೋಗಿ ಆಗಿತ್ತು. ಮೈಕ್ರೋಸ್ಕೋಪು ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅಜ್ಜ ಕೈ ಮುಗಿದು ಕೇಳಿದ. ಹುಡುಗ ಅಳುವ ಹಾಗೆ ಆದ. "ಬರಕೊಟ್ಟೆ ಅಂದ್ರ ಕೆಲಸ ಹೋಗತೈತಿ ಯಜ್ಜ, ಜೈಲೂ ಆಗಬಹುದು" ಎಂದ. ರಾತ್ರಿ ಕಾರು ಮಾಡಿಕೊಂಡು ಬಳ್ಳಾರಿಗೆ ಹೋದರು. ಮಗು ಉಳಿಯಿತು. ಕಾರಿಗೆ, ಖಾಸಗಿ ಆಸ್ಪತ್ರೆಗೆ ಎಂದು ಹಾಲು ಕೊಡುವ ಎಮ್ಮೆ ಹೋಯಿತು. ಉಳಿಯಿತಲ್ಲ, ಇನ್ನೇನು ಎನ್ನುವವರಿದ್ದಾರೆ. ಎಮ್ಮೆ ಇಲ್ಲದವರ ಮನೆಯ ಮಗುವಿನ ಬಗ್ಗೆ ನಾನು ಯೋಚಿಸುತ್ತೇನೆ.

ಹಾಗಾದರೆ ಯಾರು ಬೇಕಾದರೂ ಸೂಜಿ ಹಿಡಿಯಲಿ ಎನ್ನುತ್ತೀರಾ ಎಂದು ಓದುವವರು ಕೇಳಬಹುದು. ಇಲ್ಲ. ಕೈ ಬಾರದವನ ಕೈಯಲ್ಲಿ ಸೂಜಿ ಏನು ಮಾಡುತ್ತದೆಂದು ನನ್ನ ತೋಳೇ ಬಲ್ಲುದು. ನಮ್ಮ ಕಡೆ ಯಾವ ಜ್ವರ ಬಂದರೂ ವೈಡಾಲ್ ಮಾಡಿಸಿ ಟೈಫಾಯಿಡ್ ಎಂದು ಚೀಟಿ ಕೊಟ್ಟು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿದ್ದಕ್ಕೆ ಲೆಕ್ಕವಿಲ್ಲ. 1896ರಷ್ಟು ಹಳೆಯ ಪರೀಕ್ಷೆ ಅದು, ಒಂದೇ ಸಲ ಮಾಡಿ ನಂಬುವಂಥದ್ದಲ್ಲ. ನಮ್ಮ ಹುಡುಗನೂ ಮಾಡುತ್ತಿದ್ದ, ಬೈದಿದ್ದೇನೆ. ಆದರೆ ಡಾಕ್ಟರು ಬರೆದು ಕಳಿಸಿದ್ದರಿಂದ ಅವನು ಮಾಡಿದ. ಬಣ್ಣದ ಗೆರೆಯ ಕಂಪನಿಯೂ ಇವತ್ತಿಗೂ ಅದನ್ನೇ ಮಾಡುತ್ತಿದೆ, ಮೂರು ಪಟ್ಟು ದುಡ್ಡಿಗೆ. ಪರವಾನಗಿ ಯಾವ ತಪ್ಪನ್ನು ತಡೆಯಿತು?

ಸಹಿಯ ಕಥೆಯೂ ಅಷ್ಟೆ. ಡಾಕ್ಟರು ಮೊದಲೇ ಸಹಿ ಹಾಕಿ ಕೊಟ್ಟ ಖಾಲಿ ಲೆಟರ್‌ಹೆಡ್ಡಿನ ಕಟ್ಟನ್ನು ಒಂದು ಊರಿನ ಲ್ಯಾಬಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಕಾಯಿದೆಯ ಮಟ್ಟಿಗೆ ಆ ಲ್ಯಾಬು ನಿರ್ದೋಷಿ.

2024ರ ನವೆಂಬರಿನಲ್ಲಿ ನಮ್ಮದೇ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡದ್ದು ನಾಡಿಗೆಲ್ಲ ಗೊತ್ತು. ಅವರ ನರಕ್ಕೆ ಏರಿಸಿದ ದ್ರಾವಣದ ಮೇಲೆ ಸರಕಾರವೇ ಸಂಶಯಪಟ್ಟಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ದ್ರಾವಣ ಮಾಡಿದ ಕಾರ್ಖಾನೆಗೆ ಲೈಸೆನ್ಸು ಇತ್ತು. ತಂದುಕೊಟ್ಟವರಿಗೆ, ಏರಿಸಿದವರಿಗೆ, ಎಲ್ಲರಿಗೂ ಕಾಗದ ಇತ್ತು. ಇದರಿಂದ ಕಾಗದವಿಲ್ಲದವನು ಒಳ್ಳೆಯವನೆಂದು ಸಾಧಿಸಲು ನಾನು ಹೊರಟಿಲ್ಲ. ಕಾಗದ ಕೊಟ್ಟ ಮೇಲೆ ಆ ಕೆಲಸವನ್ನು ಮತ್ತೆ ಮತ್ತೆ ಹೋಗಿ ನೋಡುವವರು ಯಾರು ಎಂದಷ್ಟೇ ಕೇಳುತ್ತಿದ್ದೇನೆ.

ಇಂಥದ್ದು ಹಿಂದೆಯೂ ಒಮ್ಮೆ ಆಗಿದೆ. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿದ್ದ ಕಾಲದಲ್ಲಿ, ಸುತ್ತಲಿನ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ, ನಮ್ಮ ಅಪ್ಪನಂಥವರಿಗೆ ಡಾಕ್ಟರು ಎಂದರೆ ಎಲ್‌ಎಂಪಿ ಡಾಕ್ಟರು. ಎಂಬಿಬಿಎಸ್‌ಗಿಂತ ಕಡಿಮೆ ಓದಿದ, ಹೆಗಲ ಮೇಲೆ ಚೀಲ ಹಾಕಿಕೊಂಡು ಹಳ್ಳಿಗೆ ಬರುತ್ತಿದ್ದ ಡಾಕ್ಟರು. 1946ರಲ್ಲಿ ಭೋರ್ ಸಮಿತಿ ಲೆಕ್ಕ ಕೊಟ್ಟಾಗ ದೇಶದಲ್ಲಿ ನೋಂದಾಯಿತ ವೈದ್ಯರು ಸುಮಾರು 47,500. ಅವರಲ್ಲಿ ಹತ್ತಿರಹತ್ತಿರ 30,000 ಜನ ಈ ಬಗೆಯ ಕೆಳದರ್ಜೆಯವರು. ಸಮಿತಿಯ ಬಹುಮತ ಆ ಕೋರ್ಸು ಬೇಡ, ಇನ್ನು ಮೇಲೆ ಒಂದೇ ಬಗೆಯ ಪೂರ್ಣ ವೈದ್ಯರು ಸಾಕು ಎಂದಿತು. ಸಮಿತಿಯೊಳಗೇ ಆರು ಜನ ಒಪ್ಪಲಿಲ್ಲ, ಹಳ್ಳಿಗೆ ಯಾರು ಹೋಗುತ್ತಾರೆ ಎಂಬುದು ಅವರ ಚಿಂತೆ. ಅವರ ಮಾತು ನಡೆಯಲಿಲ್ಲ. ಆ ಕೋರ್ಸುಗಳು ಒಂದೊಂದಾಗಿ ಮುಚ್ಚಿದವು. ಪೂರ್ಣ ವೈದ್ಯರು ನಗರದಲ್ಲಿ ನಿಂತರು. ಹಳ್ಳಿಯ ಖಾಲಿ ಜಾಗಕ್ಕೆ ಬಂದವರು ಯಾವ ಓದೂ ಇಲ್ಲದ 'ಆರ್‌ಎಂಪಿ'ಗಳು. ಆಮೇಲೆ ಅವರನ್ನು ನಕಲಿ ವೈದ್ಯರೆಂದು ಹಿಡಿಯಲು ಇನ್ನೊಂದು ಇಲಾಖೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2017ರ ನವೆಂಬರಿನಲ್ಲಿ, ಅಂದರೆ ಆ ಸಹಿಯ ತೀರ್ಪು ಬರುವ ತಿಂಗಳ ಮುಂಚೆ, ಕರ್ನಾಟಕ ಸರಕಾರ ಖಾಸಗಿ ಆಸ್ಪತ್ರೆಗಳ ಕಾಯಿದೆಯನ್ನು ಬಿಗಿ ಮಾಡಲು ಹೊರಟಿತು. ಬೆಳಗಾವಿಯಲ್ಲಿ ಅಧಿವೇಶನ. ವೈದ್ಯರು ಆಸ್ಪತ್ರೆಗಳ ಬಾಗಿಲು ಹಾಕಿ ಮುಷ್ಕರ ಹೂಡಿದರು. ರೋಗಿಗಳು ಬೀದಿಯಲ್ಲಿ ನಿಂತರು. ಸರಕಾರ ಮಾತುಕತೆಗೆ ಕೂತಿತು, ಬಿಗಿಯಾದ ಕಲಮುಗಳು ಸಡಿಲಾದವು. ಪರವಾನಗಿ ಇದ್ದವರಿಗೆ ಸಂಘವಿದೆ, ಸಂಘಕ್ಕೆ ಬಾಗಿಲು ಮುಚ್ಚುವ ಬಲವಿದೆ. ನಮ್ಮ ಹುಡುಗನ ಬಾಗಿಲನ್ನು ಬೇರೆಯವರೇ ಮುಚ್ಚಿದರು. ಅವನು ಎಲ್ಲಿ ಹೋಗಿ ಮುಷ್ಕರ ಹೂಡಬೇಕು?

ಹೊಸ ಕಾಯಿದೆಯಲ್ಲಿ ಹಳಬರಿಗೆ ಒಂದು ಕಿಂಡಿ ಇದೆ ಎಂದು ವಕೀಲರು ತೋರಿಸಿದರು. ಕಾಯಿದೆ ಬರುವ ಮುಂಚೆಯೇ ಆ ಕೆಲಸದಲ್ಲಿದ್ದವರು ಎರಡು ವರ್ಷದೊಳಗೆ ಹೆಸರು ನೋಂದಾಯಿಸಬಹುದಂತೆ. ಆ ಎರಡು ವರ್ಷ ಎಂದು ಶುರುವಾಯಿತು, ಎಂದು ಮುಗಿಯಿತು ಎಂದು ಬಂಡ್ರಿಯಲ್ಲಿ ಯಾರಿಗೂ ಯಾರೂ ಬಂದು ಹೇಳಲಿಲ್ಲ. ಹೇಳಿದ್ದರೂ ಹೋಗುವುದು ಎಲ್ಲಿಗೆ? 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ, ಕಾಯಿದೆಯಾಗಿ ಮೂರು ವರ್ಷವಾದರೂ ಬಹಳ ರಾಜ್ಯಗಳಲ್ಲಿ ಮಂಡಳಿಯೇ ಆಗಿಲ್ಲ, ಆದಲ್ಲಿಯೂ ಕೆಲಸ ನಡೆದಿಲ್ಲ ಎಂದು ಬೇಸರಪಟ್ಟು ಎರಡು ತಿಂಗಳ ಗಡುವು ಕೊಡಬೇಕಾಯಿತು. ಬಸ್ಸು ಬರುವ ಮೊದಲೇ ಟಿಕೆಟಿಲ್ಲವೆಂದು ದಂಡ ಹಾಕಿದ ಹಾಗಾಯಿತು ಇದು.

ನನಗೆ ಬೇಕಾದ್ದು ಬಹಳವೇನಿಲ್ಲ. ಪರವಾನಗಿ ಇರಲಿ. ಅದನ್ನು ಕೈಗೆ ಕೊಡಿ, ಬೆಂಚಿಗೆ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಕ್ಕೆರಡು ದಿನ ಪರೀಕ್ಷೆ ಇಡಲಿ. ಒಂದು ತೋಳು, ಒಂದು ಸೂಜಿ, ಹತ್ತು ಸ್ಲೈಡು. ಮಲೇರಿಯಾ ಯಾವುದು, ಅಲ್ಲದ್ದು ಯಾವುದು ಹೇಳು ಎನ್ನಲಿ. ಹೇಳಿದವನಿಗೆ ಶುಗರ್, ಹಿಮೋಗ್ಲೋಬಿನ್, ಮೂತ್ರ, ರಕ್ತಕಣದ ಎಣಿಕೆ ಇಷ್ಟಕ್ಕೆ ಮಾತ್ರ ಅಪ್ಪಣೆ ಕೊಡಲಿ. ದೊಡ್ಡ ಪರೀಕ್ಷೆ ಬಳ್ಳಾರಿಗೇ ಹೋಗಲಿ. ಕ್ಷಯರೋಗದ ಕಾರ್ಯಕ್ರಮದಲ್ಲಿ ಕೆಳಗಿನ ಕೇಂದ್ರ ನೋಡಿದ ಸ್ಲೈಡುಗಳಲ್ಲಿ ಕೆಲವನ್ನು ಎತ್ತಿ, ಮೊದಲಿನ ಉತ್ತರ ತೋರಿಸದೆ, ಮೇಲಿನವರಿಂದ ಇನ್ನೊಮ್ಮೆ ನೋಡಿಸುವ ಪದ್ಧತಿ ವರ್ಷಗಳಿಂದ ಇದೆ. ಅದನ್ನೇ ಹಳ್ಳಿಯ ಲ್ಯಾಬಿಗೂ ಮಾಡಲಿ. ತಪ್ಪಿದವನ ಬಾಗಿಲು ಮುಚ್ಚಲಿ, ನಾನೇ ಬೀಗ ತಂದುಕೊಡುತ್ತೇನೆ.

ದುಡ್ಡು ಎಲ್ಲಿಂದ ಎನ್ನಬೇಡಿ, ಅದೂ ಸಂಡೂರು ತಾಲ್ಲೂಕಿನಲ್ಲಿ ಕೂತು! ನಮ್ಮ ಗುಡ್ಡಗಳು ಲಾರಿ ಏರಿ ಹೋದದ್ದು, 2011ರ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದ್ದು ಎಲ್ಲ ಮಕ್ಕಳಿಗೂ ಗೊತ್ತು. 2015ರ ತಿದ್ದುಪಡಿಯಿಂದ ಗಣಿಯವರು ರಾಜಧನದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತಾರೆ. ಗಣಿಯಿಂದ ಬಾಧೆಪಟ್ಟ ಊರುಗಳ ನೀರು, ಶಾಲೆ, ಆರೋಗ್ಯಕ್ಕೇ ಅದು ಮೊದಲು ಹೋಗಬೇಕೆಂದು ನಿಯಮವಿದೆ. ಕಟ್ಟಡಗಳು ಏಳುತ್ತವೆ, ಕಲ್ಲಿನ ಮೇಲೆ ಹೆಸರುಗಳು ಕೆತ್ತುತ್ತವೆ. ನನ್ನ ತಂಗಿಯ ಸರವನ್ನು ಬಿಡಿಸುವಷ್ಟು, ಒಂದು ಸ್ಲೈಡಿನ ಪರೀಕ್ಷೆ ನಡೆಸುವಷ್ಟು ಅದರಲ್ಲಿ ಇಲ್ಲವೆಂದರೆ ನಾನು ನಂಬುವುದಿಲ್ಲ. ಪರವಾನಗಿ ಬೇಕೆಂದವರು ಸರಕಾರದವರು. ಬೆಲೆಯನ್ನೂ ಅವರೇ ಕೊಡಲಿ.

ಇದನ್ನು ಬರೆದು ಮುಗಿಸಿ ಅಂಗಡಿಗೆ ಹೋಗಿ ಹುಡುಗನಿಗೆ ಓದಿ ಹೇಳಿದೆ. ಬೈಕಿನವನು ಬರುವ ಹೊತ್ತು, ನಳಿಕೆಗಳಿಗೆ ಚೀಟಿ ಅಂಟಿಸುತ್ತ ಕೇಳಿದ. ಎಲ್ಲ ಮುಗಿದ ಮೇಲೆ, "ಆ ಗಂಟಿ ಲೆಕ್ಕ ತಪ್ಪೈತ್ರಿ ಸಾರ್" ಎಂದ. "ಯಾಕಪ್ಪ?" ಎಂದೆ. "ಮುನ್ನೂರು ದಿನ ಅಂದೀರಿ. ನಾನು ಐತವಾರನೂ ಬಾಗಿಲು ತೆಗೀತಿದ್ದೆ" ಎಂದ.